ಮೂವತ್ತು ಗುಂಟೆ ಎಲ್ಲೋಯ್ತು

ಭಾನುವಾರ ಮಧ್ಯಾಹ್ನ ಮುದ್ದೆ ತಿಂದು ಮಲ್ಕೊಂಡಿದ್ರೆ ಈ ಕಥೆನೇ ಇರ್ತಿರ್ಲಿಲ್ಲ. ಆಫೀಸಲ್ಲಿ ಒಬ್ಬ ತಲೆಗೆ ಹುಳ ಬಿಟ್ಟಿದ್ದ, ಪಹಣಿ, ಅದೇ ಜಮೀನು ಯಾರ್ದು ಎಷ್ಟು ಅಂತ ಇರೋ ದಾಖಲೆ, ನೋಡೋಕೆ ತಾಲೂಕಾಫೀಸಿಗೆಲ್ಲಾ ಅಲೀಬೇಕಿಲ್ಲ ಗುರು, ಸರ್ಕಾರದ ಭೂಮಿ ವೆಬ್‌ಸೈಟಲ್ಲಿ ಪುಕ್ಸಟ್ಟೆ ನೋಡ್ಬೋದು, ಅಧಿಕೃತ ಪ್ರತಿ ಬೇಕಂದ್ರೆ ಮಾತ್ರ ದುಡ್ಡು ಅಂತ. ಪುಕ್ಸಟ್ಟೆ ಅಂದ್ಮೇಲೆ ಬಿಡೋದುಂಟಾ? ಲ್ಯಾಪ್‌ಟಾಪ್ ತೆಗೆದೆ.

ಜಿಲ್ಲೆ ಮಂಡ್ಯ, ತಾಲೂಕು ಗೊತ್ತು, ಹೋಬಳಿಗೆ ಬಂದಾಗಲೇ ಬೆವರು ಶುರು. ನಮ್ಮೂರು ಯಾವ ಹೋಬಳಿ ಅಂತ ಮೂವತ್ತೈದು ವರ್ಷದಲ್ಲಿ ಒಬ್ರೂ ನನ್ನ ಕೇಳಿರ್ಲಿಲ್ಲ. ಅದನ್ನ ಅಮ್ಮನ್ನ ಕೇಳಿ ದಾಟಿದ್ರೆ ಊರಿನ ಲಿಸ್ಟಲ್ಲಿ ಹೊಸಹಳ್ಳಿ ಅಂತ ಮೂರು. ಮನುಷ್ಯರಿಗಿದ್ದ ಹಂಗೆ ಊರಿಗೂ ಇನಿಶಿಯಲ್! ನಮ್ದು ಯಾವ ಇನಿಶಿಯಲ್ಲಿನ ಹೊಸಹಳ್ಳಿ ಅಂತ ಮತ್ತೆ ಅಮ್ಮ.

ಸರ್ವೆ ನಂಬರ್ ಸಿಕ್ಕಿದ್ದು ಟ್ರಂಕಲ್ಲಿದ್ದ ಹಳೇ ಕಂದಾಯದ ರಸೀದಿಲಿ. ಕೈಬರಹ, ಕನ್ನಡ ಅಂಕಿ, ಅದು 46ಓ 49ಓ ಆ ದೇವ್ರೇ ಹೇಳ್ಬೇಕು, ಕನ್ನಡದ ಆರು ಒಂಭತ್ತು ಎರಡೂ ಕೊಕ್ಕೆ ಹಾಕ್ಕೊಂಡು ಕೂತಿರ್ತವೆ. 46 ಹಾಕ್ದೆ. ಆಮೇಲೆ ಸರ್‌ನಾಕ್ ಅಂತ ಇನ್ನೊಂದು ಡಬ್ಬಿ, ಅದ್ರಲ್ಲಿ ಬರೀ ಒಂದು ನಕ್ಷತ್ರ. ಏನೋ ಲೋಡ್ ಆಗ್ತಿದೆ ಅಂದ್ಕೊಂಡು ಐದು ನಿಮಿಷ ಕಾದೆ ನಾನು, ಆ ನಕ್ಷತ್ರನೇ ಆರಿಸ್ಬೇಕಂತೆ. ಆಮೇಲೆ ಹಿಸ್ಸಾ, ಅಂದ್ರೆ ಆ ಸರ್ವೆ ನಂಬರಲ್ಲಿ ಯಾವ ಭಾಗ ಅಂತ, ಆಮೇಲೆ ಅವಧಿ, ವರ್ಷ. ಬಂತಪ್ಪಾ ಪಹಣಿ! ಯಾರ್ದೋ. 11ನೇ ಕಾಲಮ್ಮಲ್ಲಿ ಅವ್ರ ಬ್ಯಾಂಕ್ ಸಾಲ ಎಷ್ಟು ಅಂತ ನೀಟಾಗಿ ಬರ್ದಿತ್ತು. ಓದ್ಬಾರ್ದು ಅಂತ ಅನ್ನಿಸ್ತು, ಓದಿದ್ಮೇಲೆ.

49ಕ್ಕೆ ನಮ್ದು ಸಿಕ್ತು. 9ನೇ ಕಾಲಮ್ಮಲ್ಲಿ ತಾತ. ತೀರ್ಕೊಂಡು 19 ವರ್ಷ ಆದ್ರೂ ಪೌತಿ ಖಾತೆ, ಅಂದ್ರೆ ತೀರ್ಕೊಂಡವ್ರ ಜಮೀನನ್ನ ವಾರಸುದಾರರ ಹೆಸರಿಗೆ ಮಾಡ್ಸೋದು, ಯಾರೂ ಮಾಡಿಸಿಲ್ಲದ್ರಿಂದ ದಾಖಲೆಲಿ ಇನ್ನೂ ಅವರೇ ಯಜಮಾನ್ರು. ಹೆಸರಾದ್ಮೇಲೆ ಬಿನ್ ಅಂತ, ಆಮೇಲೆ ಮುತ್ತಾತನ ಹೆಸರು. ದಿನವಿಡೀ ಕಂಪ್ಯೂಟರ್ ಮುಂದೆ ಕೂರೋ ನನಗೆ ಬಿನ್ ಅಂದ್ರೆ ಡಿಲೀಟ್ ಮಾಡಿದ ಫೈಲ್ ಹೋಗಿ ಬೀಳೋ ಜಾಗ, ಒಂದು ಕ್ಷಣ ತಾತನ್ನ ಅಲ್ಲಿಗೆ ಹಾಕ್ಬಿಟ್ರಾ ಅಂತ ಎದೆ ಧಸಕ್ಕಂತು. ಇಂಥವ್ರ ಮಗ ಅಂತ ಅರ್ಥವಂತೆ.

ಇರ್ಲಿ. ನಮ್ದು ಎರಡು ಹಿಸ್ಸಾ, ಒಂದ್ರಲ್ಲಿ 2.20, ಇನ್ನೊಂದ್ರಲ್ಲಿ 1.30. ಮೊಬೈಲ್ ಕ್ಯಾಲ್ಕುಲೇಟರಲ್ಲಿ ಕೂಡಿದೆ, 3.50. ಮೂರೂವರೆ ಎಕರೆ. ಆದ್ರೆ ನಾನು ಹುಟ್ಟಿದಾಗಿಂದ ಚಿಕ್ಕಪ್ಪ ಹೇಳ್ಕೊಂಡು ಬಂದಿರೋದು ನಾಲ್ಕೆಕರೆ ಹತ್ತು ಗುಂಟೆ! ಮೂವತ್ತು ಗುಂಟೆ ನಾಪತ್ತೆ. ಗುಂಟೆಗೆ 1,089 ಚದರಡಿ, ಅಲ್ಲಿಗೆ 32,670, ಥರ್ಟಿ ಫಾರ್ಟಿ ಸೈಟು ಹೊಡೆದ್ರೆ 27 ಆಗುತ್ತೆ. ಇಪ್ಪತ್ತೇಳು ಸೈಟು ಸ್ವಾಮಿ! ಕೈ ನಡುಗ್ತಿತ್ತು. ಚಿಕ್ಕಪ್ಪ ಸದ್ದಿಲ್ದೆ ಮಾರ್ಕೊಂಡು ನಮ್ಗೆ ವರ್ಷಕ್ಕೊಂದು ಮೂಟೆ ರಾಗಿ ಕಳಿಸಿ ಬಾಯ್ಮುಚ್ಸಿದಾರೆ ಅಂತ ಹೆಂಡ್ತಿಗೆ ಹೇಳಿದೆ. ಅವ್ಳು ನೀವೊಂದ್ಸಲ ಸರಿಯಾಗಿ ನೋಡಿ ಅಂದ್ಳು, ನಾನು ಸರ್ಕಾರಿ ರೆಕಾರ್ಡೇ ಸುಳ್ಳು ಹೇಳುತ್ತಾ ಅಂದೆ. 2000ದ ಆಸುಪಾಸಿನಲ್ಲಿ ಕೂತು ಸುಮಾರು 2 ಕೋಟಿ ಪಹಣಿನ ಕಂಪ್ಯೂಟರಿಗೆ ಹತ್ತಿಸಿದ್ದು ಇಂಥವ್ರನ್ನ ಹಿಡಿಯೋಕೇ ಅಂತ ಒಂದು ಭಾಷಣನೂ ಆಯ್ತು.

ಫೋನ್ ಹಾಕ್ದೆ. ನಯವಾಗೇ ಕೇಳ್ದೆ, ಚಿಕ್ಕಪ್ಪ, ದಾಖಲೆ ಪ್ರಕಾರ ನಮ್ದು ಮೂರೂವರೆನೇ ಅಲ್ವಾ, ಮಿಕ್ಕಿದ್ದು ಎಲ್ಲೋಯ್ತು?

ಆ ಕಡೆ ಎಮ್ಮೆ ಕೂಗಿದ್ದು ಕೇಳಿಸ್ತು. ಆಮೇಲೆ ಚಿಕ್ಕಪ್ಪ, "ಏನಂತ ಬರ್ದದೆ, ಓದು."

"2.20, 1.30. ಕೂಡಿದ್ರೆ 3.50."

"ಅಂದ್ರೆ ಮೂರೆಕರೆ ಐವತ್ತು ಗುಂಟೆ."

"ಹೂಂ, ಅದೇ, ಮೂರೂವರೆ."

"ಲೇ, ಎಕರೆಗೆ ಎಷ್ಟ್ಲಾ ಗುಂಟೆ?"

ಉತ್ತರ ಬಾಯಿಗೆ ಬಂದಿದ್ದೂ ಮಾನ ಹೋಗಿದ್ದೂ ಒಟ್ಟಿಗೇ ಆಯ್ತು. ನಲವತ್ತು. ಚುಕ್ಕಿ ಆದ್ಮೇಲಿಂದು ಪಾಯಿಂಟಲ್ಲ, ಗುಂಟೆ. ಐವತ್ತರಲ್ಲಿ ನಲವತ್ತು ಹೋಗಿ ಒಂದೆಕರೆ ಆಯ್ತು, ಮಿಕ್ಕಿದ್ದು ಹತ್ತು. ನಾಲ್ಕೆಕರೆ ಹತ್ತು ಗುಂಟೆ, ಚಿಕ್ಕಪ್ಪ ಹೇಳಿದ್ದಷ್ಟೇ. ಎಂಜಿನಿಯರಿಂಗ್ ಗಣಿತದಲ್ಲಿ ಡಿಸ್ಟಿಂಕ್ಷನ್ ತಗೊಂಡಿದ್ದು ಈ ಮೂತಿನೇ. ಪಕ್ಕದಲ್ಲಿ ಹೆಂಡ್ತಿ ಬಟ್ಟೆ ಮಡಚ್ತಾ ಇದ್ಲು, ಒಂದು ಮಾತೂ ಆಡ್ಲಿಲ್ಲ, ಆಡಿದ್ರೆ ವಾಸಿ ಇತ್ತು.

ಬೈಗುಳಕ್ಕೆ ಕಾಯ್ತಾ ಕೂತೆ. ಚಿಕ್ಕಪ್ಪ ಬೈಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ದನಿ ತಗ್ಗಿಸಿ, "ಅದ್ರಲ್ಲಿ ಬೇರೆಯವ್ರದ್ದೂ ಕಾಣ್ತದಾ?" ಅಂದ್ರು.

"ಕಾಣುತ್ತೆ. ಸಾಲ ಕೂಡ."

"ಹಂಗಾದ್ರೆ ನಮ್ ಪಕ್ಕದ 48 ನೋಡು. ಮಗನ್ ಮದ್ವೆ ಜೋರಾಗ್ ಮಾಡ್ದ, ಸಾಲಗೀಲ ಇಲ್ಲ ಅಂತಾನೆ ಬಡ್ಡಿಮಗ."

ನಾನು ಹಿಸ್ಸಾ ಎಷ್ಟು ಅಂತ ಕೇಳಿದೆ.