ಪಹಣಿ ಇಲ್ಲದವರ ಬರಗಾಲ

ಹವಾಮಾನ ನ್ಯಾಯದ ಮಾತು ಬಂದ ತಕ್ಷಣ ನಾವು ಅಮೆರಿಕ, ಯುರೋಪಿನ ಕಡೆ ಬೆರಳು ತೋರಿಸುತ್ತೇವೆ. ಹೊಗೆ ಬಿಟ್ಟವರು ಅವರು, ಮಳೆ ತಪ್ಪಿದ್ದು ನಮಗೆ, ದುಡ್ಡು ಕೊಡಿ ಅಂತ. ಸರಿಯಾದ ಮಾತೇ. ಆದರೆ ಆ ದುಡ್ಡು ನಾಳೆ ಬಂದೇ ಬಿಟ್ಟಿತು ಅಂತಿಟ್ಟುಕೊಳ್ಳಿ, ಯಾರ ಖಾತೆಗೆ ಹೋಗುತ್ತದೆ? ಪಹಣಿ, ಅಂದರೆ ಜಮೀನಿನ ದಾಖಲೆ, ಯಾರ ಹೆಸರಲ್ಲಿದೆಯೋ ಅವರ ಖಾತೆಗೆ. ನನ್ನ ತಕರಾರು ಇರೋದೇ ಇಲ್ಲಿ.

2023ರ ಬರ ನೆನಪಿದೆಯಲ್ಲ. 223 ತಾಲ್ಲೂಕು ಬರಪೀಡಿತ ಅಂತ ಘೋಷಣೆಯಾಯಿತು. ರಾಜ್ಯ 18,171 ಕೋಟಿ ಕೇಳಿತು, ಕೇಂದ್ರ ತಿಂಗಳುಗಟ್ಟಲೆ ಸುಮ್ಮನಿತ್ತು, ಕೊನೆಗೆ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ ಸುಮಾರು 3,454 ಕೋಟಿ ಬಂತು. ಟಿವಿಯಲ್ಲಿ ಕಿತ್ತಾಡಿದ್ದೆಲ್ಲ ಈ ಅಂಕಿಗಳ ಮೇಲೆ. ಹಂಚೋ ಲೆಕ್ಕದ ಬಗ್ಗೆ ಯಾರೂ ಜಾಸ್ತಿ ಮಾತಾಡಲಿಲ್ಲ. ಮಳೆ ನಂಬಿದ ಬೆಳೆಗೆ ಆಗ ಹೆಕ್ಟೇರಿಗೆ 8,500 ರೂಪಾಯಿ, ಅದೂ ಎರಡು ಹೆಕ್ಟೇರ್ ತನಕ ಮಾತ್ರ. ಫ್ರೂಟ್ಸ್ ಐಡಿ (ಸರ್ಕಾರ ಕೊಡೋ ರೈತರ ನೋಂದಣಿ ಸಂಖ್ಯೆ) ಇರಬೇಕು, ಅದಕ್ಕೆ ಸರ್ವೆ ನಂಬರ್ ಜೋಡಿಸಿರಬೇಕು. ಶೇಂಗಾ ಕೀಳೋಕೆ, ಕಳೆ ತೆಗೆಯೋಕೆ ಹೋಗುತ್ತಿದ್ದ ಹೆಂಗಸಿಗೆ ಈ ಲೆಕ್ಕದಲ್ಲಿ ಸೊನ್ನೆ. ಬೆಳೆ ಹೋದರೆ ಅವಳ ಕೂಲಿಯೂ ಹೋಯಿತು, ಅಲ್ವಾ? ಬೆಳೆಹಾನಿ ಪಟ್ಟಿಯಲ್ಲಿ ಕೂಲಿ ಅನ್ನೋ ಕಾಲಮ್ಮೇ ಇಲ್ಲ.

ಇನ್ನು ಬೇರೆಯವರ ಜಮೀನನ್ನ ವಾರಕ್ಕೆ (ಬೆಳೆಯಲ್ಲಿ ಪಾಲು ಕೊಟ್ಟು), ಲಾವಣಿಗೆ (ದುಡ್ಡು ಕೊಟ್ಟು ಗುತ್ತಿಗೆಗೆ) ಮಾಡುವವರು. ಬೀಜ ಅವರದು, ಸಾಲ ಅವರದು, ಪರಿಹಾರ ಮಾತ್ರ ಪೇಟೆಯಲ್ಲಿ ಕೂತ ಯಜಮಾನನಿಗೆ. ಕೆಲವರು ಕರೆದು ಕೊಡುತ್ತಾರೆ, ಇಲ್ಲ ಅಂತಲ್ಲ. ಕೊಡದಿದ್ದರೆ ಕೇಳೋಕೆ ಕೈಯಲ್ಲಿ ಒಂದು ಚೀಟಿಯೂ ಇಲ್ಲ. 1974ರ ಭೂಸುಧಾರಣೆ ಗೇಣಿ ಪದ್ಧತಿಯನ್ನೇ ತೆಗೆದುಹಾಕಿತು, ಎಷ್ಟೋ ಗೇಣಿದಾರರು ಒಡೆಯರಾದರು, ದೊಡ್ಡ ಕೆಲಸ ಅದು. ಆದರೆ ಆಮೇಲೂ ಬಾಯಿಮಾತಲ್ಲಿ ನಡೆಯುತ್ತಿರುವ ಗೇಣಿ ಕಾನೂನಿನ ಕಣ್ಣಿಗೆ ಬೀಳುವುದೇ ಇಲ್ಲ.

ಬರಕ್ಕೆ ಮದ್ದು ಅಂತ ತಂದ ಸೋಲಾರ್‌ನಲ್ಲೂ ಇದೇ ಕಥೆ. ಪಾವಗಡದ ತಿರುಮಣಿ, ವಳ್ಳೂರು ಕಡೆ ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಪಾರ್ಕ್ ಎದ್ದಿತು. ಜಮೀನು ಕಿತ್ತುಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ 21,000 ಅಂತ ಗುತ್ತಿಗೆಗೆ ಪಡೆದರು. ಬರದ ಮೇಲೆ ಬರ ಕಂಡ ರೈತನಿಗೆ ಅದು ಆಸರೆಯೇ, ನಾನು ಹೀಗಳೆಯಲ್ಲ. ಆದರೆ ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ, ಬೀಳು ಜಮೀನಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಬಾಡಿಗೆ ಬರಲಿಲ್ಲ, ಬೇಲಿ ಬಂತು. ಪ್ಯಾನೆಲ್ ತೊಳೆಯೋ, ಹುಲ್ಲು ಕೀಳೋ ಕೆಲಸ ಸಿಕ್ಕಿತಲ್ಲ ಅಂತೀರಿ. ಸಿಕ್ಕಿದ್ದು ಕೆಲವರಿಗೆ.

2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್, ಹವಾಮಾನ ಬದಲಾವಣೆಯ ಕೆಟ್ಟ ಪರಿಣಾಮಗಳಿಂದ ಮುಕ್ತವಾಗಿ ಬದುಕೋದು 14 ಮತ್ತು 21ನೇ ವಿಧಿಯಡಿ ಬರುವ ಹಕ್ಕು ಅಂತ ಹೇಳಿತು. (ತಮಾಷೆ ಅಂದರೆ ಅದು ವಿದ್ಯುತ್ ತಂತಿಗೆ ಬಡಿದು ಸಾಯುವ ಎರೆಭೂತ ಹಕ್ಕಿ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಉಳಿಸಿ ಅಂತ ಹಾಕಿದ್ದ ಕೇಸು, ವಿದ್ಯುತ್ ತಂತಿಗಳಿಗಿದ್ದ ನಿರ್ಬಂಧ ಸಡಿಲ ಮಾಡುತ್ತಾ ಹೇಳಿದ ಮಾತು.) 14 ಅಂದರೆ ಸಮಾನತೆ. ಹಾಗಿದ್ದರೆ ಅದೇ ಬರಕ್ಕೆ ಒಬ್ಬರಿಗೆ ಪರಿಹಾರ, ಇನ್ನೊಬ್ಬರಿಗೆ ಗುಳೆ ಹೋಗೋ ಬಸ್ಸು ಯಾಕೆ?

ದಾಖಲೆ ಇಲ್ಲವಲ್ಲ ಅನ್ನೋದು ಸಿದ್ಧ ಉತ್ತರ. ಪಂಚಾಯಿತಿಯಲ್ಲಿ ಉದ್ಯೋಗ ಖಾತ್ರಿಯ ಜಾಬ್ ಕಾರ್ಡ್ ಪಟ್ಟಿ ಇದೆ. ತಾಲ್ಲೂಕಿಗೆ ಬರ ಘೋಷಣೆಯಾದ ಕೂಡಲೇ ಆ ಪಟ್ಟಿಯಲ್ಲಿರೋ ಜಮೀನಿಲ್ಲದ ಮನೆಗಳಿಗೂ ದುಡ್ಡು ಹಾಕಲಿ. ವಾರಕ್ಕೆ ಮಾಡುವವರ ಹೆಸರನ್ನ, ಮೊಬೈಲ್ ಹಿಡಿದು ಬೆಳೆ ಸಮೀಕ್ಷೆಗೆ ಬರ್ತಾರಲ್ಲ, ಆಗಲೇ ಬರೆದುಕೊಳ್ಳಲಿ. ಹಾಗೆ ಬರೆಸಿದರೆ ಜಮೀನೇ ಕೈತಪ್ಪುತ್ತೆ ಅಂತ ಮಾಲೀಕರು ಹೆದರುತ್ತಾರೆ, ನಿಜ. ಆ ಹೆಸರು ಪರಿಹಾರಕ್ಕೆ ಮಾತ್ರ, ಒಡೆತನಕ್ಕಲ್ಲ ಅಂತ ಕಾನೂನಿನಲ್ಲೇ ಒಂದು ಸಾಲು ಸೇರಿಸೋಕೆ ವಿಧಾನಸಭೆಗೆ ಎಷ್ಟು ಹೊತ್ತು ಬೇಕು?