ಸಂಪಾದನೆಗೊಬ್ಬ ಸೋದರಮಾವ

ಸೊಪ್ಪು ಮಾರುವುದು ಯಾವಾಗ ಶಿಕ್ಷಣ, ಯಾವಾಗ ಅಪರಾಧ ಎಂದು ತಿಳಿಯಬೇಕಾದರೆ ಮೊದಲು ಮಾರುವವನ ತಲೆಯ ಮೇಲೆ ಶಾಮಿಯಾನ ಇದೆಯೇ ಎಂದು ನೋಡಬೇಕು.

ಶಾಮಿಯಾನ ಇದ್ದರೆ ಅದು ಮಕ್ಕಳ ಸಂತೆ. ಶಾಲೆಯ ಅಂಗಳದಲ್ಲಿ ಗೋಣಿತಾಟು ಹಾಸಿಕೊಂಡು ಮಕ್ಕಳು ಮೆಂತ್ಯ, ಸಬ್ಬಸಿಗೆ, ನಿಂಬೆಹಣ್ಣು, ಚುರುಮುರಿ, ಮಜ್ಜಿಗೆ ಇಟ್ಟು ಕುಳಿತಿರುತ್ತಾರೆ. ಕ್ಷೇತ್ರ ಶಿಕ್ಷಣಾಧಿಕಾರಿಗಳು ರಿಬ್ಬನ್ ಕತ್ತರಿಸುತ್ತಾರೆ. ಶಾಸಕರು ಒಂದು ಕಟ್ಟು ಕೊತ್ತಂಬರಿ ಕೊಂಡು, ನೂರರ ನೋಟು ಕೊಟ್ಟು, ಚಿಲ್ಲರೆ ಬೇಡವೆಂದು ಹುಡುಗನ ತಲೆ ಸವರುತ್ತಾರೆ; ಫೋಟೊ ಸರಿಯಾಗಿ ಬರಲಿಲ್ಲವೆಂದರೆ ಇನ್ನೊಂದು ಕಟ್ಟು ಕೊಳ್ಳುತ್ತಾರೆ. ಮರುದಿನ ಪತ್ರಿಕೆಯ ಜಿಲ್ಲಾ ಪುಟದಲ್ಲಿ ‘ಮಕ್ಕಳಲ್ಲಿ ಅರಳಿದ ವ್ಯವಹಾರ ಜ್ಞಾನ’. ಸೊಪ್ಪು ಅಪ್ಪನ ಹೊಲದ್ದು, ಚುರುಮುರಿಯ ಒಗ್ಗರಣೆ ಅಮ್ಮನದು, ತಕ್ಕಡಿ ಪಕ್ಕದ ಕಿರಾಣಿ ಅಂಗಡಿಯದು, ಗಿರಾಕಿಗಳು ಶಿಕ್ಷಕರು ಮತ್ತು ಅದೇ ಅಪ್ಪ, ಅದೇ ಅಮ್ಮ. ತಾನು ಬೆಳೆದ ಸೊಪ್ಪನ್ನು ತಾನೇ ದುಡ್ಡು ಕೊಟ್ಟು ಮನೆಗೆ ಮರಳಿ ತರುವ ರೈತ ನಮ್ಮಲ್ಲಿ ಮಾತ್ರ ಸಿಗುತ್ತಾನೆ. ಆದರೂ ವ್ಯವಹಾರ ಕಲಿತವರು ಮಕ್ಕಳೆಂದೇ ವರದಿಯಾಗುತ್ತದೆ.

ಶಾಮಿಯಾನ ಬಿಚ್ಚಿದ ಮೇಲೆ ಅದೇ ಹುಡುಗ ಉಳಿದ ಸೊಪ್ಪನ್ನು ಬಸ್ ನಿಲ್ದಾಣದ ಮುಂದೆ ಹರಡಿಕೊಂಡನೆನ್ನಿ. ನಿನ್ನೆಯ ಕಿರಿಯ ವ್ಯಾಪಾರಿ ಇವತ್ತು ಬಾಲ ಕಾರ್ಮಿಕ. ಯಾರೋ ಸಜ್ಜನರು ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡುತ್ತಾರೆ. ಜೀಪು ಬರುವವರೆಗೆ ವ್ಯಾಪಾರ ನಡೆಯುತ್ತದೆಯಷ್ಟೆ: ನೂರು ರೂಪಾಯಿಗೆ ಹೋದ ಕಟ್ಟನ್ನು ಐದು ರೂಪಾಯಿಗೆ ಕೇಳಿ, ಅದರ ಮೇಲೆ ನಾಲ್ಕು ಎಸಳು ಕರಿಬೇವನ್ನು ಕೊಸರಾಗಿ ಕಿತ್ತುಕೊಂಡು, ‘ಪಾಪ, ಓದುವ ವಯಸ್ಸು’ ಎಂದು ಮರುಗುತ್ತ ಗಿರಾಕಿಗಳು ಬಸ್ಸು ಹತ್ತುತ್ತಾರೆ.

ಬಾಲ ಕಾರ್ಮಿಕ ಪದ್ಧತಿಯನ್ನು ತಡೆಯುವ ಕಾನೂನೇ ಬೇಡ ಎನ್ನುವವರ ಸಾಲಿಗೆ ನನ್ನನ್ನು ಸೇರಿಸಬೇಡಿ. ರೇಷ್ಮೆ ನೂಲು ಬಿಚ್ಚಾಣಿಕೆಯ ಕುದಿಯುವ ನೀರಿನಲ್ಲಿ ಮಕ್ಕಳ ಬೆರಳು ಬೆಂದದ್ದನ್ನು ಕಂಡ ರಾಜ್ಯ ಇದು. 1986ರ ಕಾಯಿದೆಗೆ 2016ರಲ್ಲಿ ತಿದ್ದುಪಡಿ ತಂದು, 14 ತುಂಬದವರನ್ನು ಯಾವ ಕೆಲಸಕ್ಕೂ, 14ರಿಂದ 18ರ ನಡುವಿನವರನ್ನು ಅಪಾಯದ ಕೆಲಸಕ್ಕೂ ಹಚ್ಚುವಂತಿಲ್ಲ ಎಂದದ್ದು ಒಳ್ಳೆಯದೇ ಆಯಿತು. ತಪ್ಪಿದವರಿಗೆ ಆರು ತಿಂಗಳಿಂದ ಎರಡು ವರ್ಷದ ಜೈಲು, ಇಲ್ಲವೇ 20,000ದಿಂದ 50,000 ರೂಪಾಯಿ ದಂಡ, ಇಲ್ಲವೇ ಎರಡೂ. ಇಲ್ಲಿಗೆ ನಿಲ್ಲಿಸಿದ್ದರೆ ಈ ಅಂಕಣಕ್ಕೆ ಕೆಲಸವಿರುತ್ತಿರಲಿಲ್ಲ. ಆದರೆ ಕಾಯಿದೆ ಬರೆದವರು ‘ಆದರೆ’ ಎಂದರು.

ಶಾಲೆ ಬಿಟ್ಟ ಮೇಲೆ ಮತ್ತು ರಜೆಯಲ್ಲಿ ಮಗು ತನ್ನ ಕುಟುಂಬದ ಉದ್ಯಮದಲ್ಲಿ ಕೈಜೋಡಿಸಬಹುದು. ಕುಟುಂಬವೆಂದರೆ ಯಾರು? ತಂದೆ, ತಾಯಿ, ಒಡಹುಟ್ಟಿದವರು, ತಂದೆಯ ಒಡಹುಟ್ಟಿದವರು, ತಾಯಿಯ ಒಡಹುಟ್ಟಿದವರು. ಪಟ್ಟಿ ಅಲ್ಲಿಗೆ ಮುಗಿಯಿತು. ತಾತ ಇಲ್ಲ, ಅಜ್ಜಿ ಇಲ್ಲ. ದೇವಸ್ಥಾನದ ಮುಂದೆ ಅಜ್ಜಿಯ ಬುಟ್ಟಿಯ ಪಕ್ಕ ಕುಳಿತು ಸೇವಂತಿಗೆಯನ್ನು ಮಾರು ಲೆಕ್ಕದಲ್ಲಿ ಅಳೆದುಕೊಡುವ ಹನ್ನೆರಡರ ಮೊಮ್ಮಗಳನ್ನು ಕಾಯಿದೆಯ ಅಕ್ಷರ ಹಿಡಿದು ನೋಡಿದರೆ ಪರರ ಅಂಗಡಿಯ ಆಳು ಎನ್ನಬೇಕು. ಹುಟ್ಟಿಸಿದವರನ್ನು ಹುಟ್ಟಿಸಿದವರು ಕುಟುಂಬದ ಹೊರಗೆ. ಸೋದರಮಾವ ಮಾತ್ರ ಒಳಗೆ, ಅದೂ ಗಲ್ಲಾ ಪೆಟ್ಟಿಗೆಯ ಹಿಂದೆ.

ನಮ್ಮ ಕಡೆ ಸೋದರಮಾವಂದಿರು ಎಷ್ಟು ಸಲೀಸಾಗಿ ಹುಟ್ಟಿಕೊಳ್ಳುತ್ತಾರೆ ಎಂಬುದು ಕಾಯಿದೆ ಬರೆದವರಿಗೆ ಗೊತ್ತಿರಲಿಲ್ಲ, ಅಥವಾ ಚೆನ್ನಾಗಿಯೇ ಗೊತ್ತಿತ್ತು. ಹೆದ್ದಾರಿ ಪಕ್ಕದ ಯಾವುದೇ ಹೋಟೆಲಿನಲ್ಲಿ ತಪಾಸಣೆಯ ದಿನ ಈ ಸಂಭಾಷಣೆ ನಡೆಯಬಹುದು.

“ಯಾರಪ್ಪಾ ಈ ಹುಡುಗ?”

“ನಮ್ಮಕ್ಕನ ಮಗ ಸಾರ್. ಬೇಸಿಗೆ ರಜೆಗೆ ಬಂದಿದ್ದಾನೆ.”

“ಹೋದ ಸಲ ಬಂದಾಗಲೂ ಇವನೇ ಟೇಬಲ್ ಒರೆಸುತ್ತಿದ್ದನಲ್ಲ?”

“ಅದು ದಸರಾ ರಜೆ ಸಾರ್.”

“ಅಲ್ಲಿ ಲೋಟ ತೊಳೆಯುತ್ತಿರುವವನು?”

“ತಂಗಿಯ ಮಗ.”

“ಈರುಳ್ಳಿ ಹೆಚ್ಚುತ್ತಿರುವ ಇಬ್ಬರು?”

“ಅವರು ಇನ್ನೊಬ್ಬ ತಂಗಿಯ ಮಕ್ಕಳು ಸಾರ್, ಅವಳಿ.”

“ನಿಮಗೆ ಒಟ್ಟು ಎಷ್ಟು ಜನ ಅಕ್ಕತಂಗಿಯರು?”

“ದೇವರ ದಯೆ ಸಾರ್. ಮೊದಲು ಒಬ್ಬಳೇ ಇದ್ದಳು. ಮೇಲಿನ ಮಹಡಿ ಕಟ್ಟಿಸಿದ ಮೇಲೆ ಹೆಚ್ಚಾದರು.”

ಅವಳಿಗಳಲ್ಲಿ ಒಬ್ಬ ತಂದಿಟ್ಟ ಚಹಾ ಕುಡಿದು, ‘ಈ ಸಂಸ್ಥೆಯಲ್ಲಿ ಬಾಲ ಕಾರ್ಮಿಕರು ಇರುವುದಿಲ್ಲ’ ಎಂಬ ಫಲಕ ಗೋಡೆಯ ಮೇಲೆ ನೇರವಾಗಿ ತೂಗುತ್ತಿದೆಯೇ ಎಂದು ಪರಿಶೀಲಿಸಿ, ತಪಾಸಣೆ ಮುಗಿಯುತ್ತದೆ.

ಸೋದರಮಾವನೂ ಇಲ್ಲದ ನತದೃಷ್ಟರಿಗೆ ಕಾಯಿದೆ ಇನ್ನೊಂದು ಬಾಗಿಲು ತೆರೆದಿಟ್ಟಿದೆ: ಕಲೆ. ಸಿನಿಮಾ, ಧಾರಾವಾಹಿ, ಜಾಹೀರಾತು, ಟಿವಿ ಕಾರ್ಯಕ್ರಮಗಳಲ್ಲಿ ಎಷ್ಟು ಚಿಕ್ಕ ಮಗುವಾದರೂ ದುಡಿಯಬಹುದು. 2017ರ ನಿಯಮಗಳ ಪ್ರಕಾರ ದಿನಕ್ಕೆ ಐದು ಗಂಟೆ, ಬಿಡುವಿಲ್ಲದೆ ಮೂರು ಗಂಟೆ ಮೀರಬಾರದು, ಸಂಪಾದನೆಯ ಶೇ 20ರಷ್ಟನ್ನಾದರೂ ಮಗುವಿನ ಹೆಸರಿನಲ್ಲಿ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಠೇವಣಿ ಇಡಬೇಕು. ಉಳಿದ ಶೇ 80 ಎಲ್ಲಿಗೆ ಹೋಗುತ್ತದೆ ಎಂದು ಕೇಳುವುದು ಹೆತ್ತವರಿಗೆ ಮಾಡುವ ಅವಮಾನ. ಹೀಗಾಗಿ ಆರು ವರ್ಷದ ಮಗು ವೇದಿಕೆಯ ಮೇಲೆ ಪಲ್ಟಿ ಹೊಡೆದು, ಮನೆಯ ಬಡತನದ ಕಥೆ ಹೇಳಿ, ತೀರ್ಪುಗಾರರ ಕಣ್ಣು ಒದ್ದೆಯಾಗುವವರೆಗೆ ಕುಣಿದರೆ ಅದು ಪ್ರತಿಭೆ. ಒಂದನ್ನು ಮಾತ್ರ ಕಾಯಿದೆ ಸ್ಪಷ್ಟವಾಗಿ ನಿಷೇಧಿಸಿದೆ: ಸರ್ಕಸ್. ಎರಡರ ನಡುವಿನ ವ್ಯತ್ಯಾಸ ಕಂಡುಹಿಡಿಯುವ ಹೊಣೆ ವೀಕ್ಷಕರದು.

ಇನ್ನು ಹದಿನಾಲ್ಕು ದಾಟಿದವರು. ಮೀಸೆ ಚಿಗುರಿದೆ, ಖರ್ಚು ಚಿಗುರಿದೆ, ಮೊಬೈಲ್ ರೀಚಾರ್ಜಿಗೆ ಅಪ್ಪನ ಮುಂದೆ ಕೈಚಾಚಲು ನಾಚಿಕೆ. ಇವರಿಗೆ ಕೆಲಸ ಮಾಡುವ ಹಕ್ಕು ಇದೆ. ಕಾಯಿದೆ ಕೇಳುವುದು ಇಷ್ಟೇ: ರಾತ್ರಿ 7ರಿಂದ ಬೆಳಿಗ್ಗೆ 8ರವರೆಗೆ ಕೆಲಸ ಕೂಡದು, ಮೂರು ಗಂಟೆ ದುಡಿದರೆ ಒಂದು ಗಂಟೆ ವಿಶ್ರಾಂತಿ ಕೊಡಬೇಕು, ವಿಶ್ರಾಂತಿಯೂ ಸೇರಿ ದಿನಕ್ಕೆ ಆರು ಗಂಟೆ ದಾಟಬಾರದು. ಓದಿದವರಿಗೆ ಸರ್ಕಾರಿ ಕಚೇರಿಯ ವೇಳಾಪಟ್ಟಿ ನೆನಪಾಗಿ ಕಣ್ಣು ತುಂಬಿ ಬರಬೇಕು.

ಈಗ ಹದಿನಾರರ ಹುಡುಗನೊಬ್ಬ ಮನೆಮನೆಗೆ ಪತ್ರಿಕೆ ಹಾಕಲು ಹೊರಟನೆನ್ನೋಣ. ಬೆಳಕು ಹರಿಯುವ ಮುನ್ನ ವೃತ್ತದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಪುರವಣಿ ಸೇರಿಸಿ, ಸೈಕಲ್ಲಿಗೆ ಹೇರಿ, ಏಳರೊಳಗೆ ಬೀದಿ ಮುಗಿಸಬೇಕು. ಕಾಯಿದೆಯಂತೆ ಅವನು ಸೈಕಲ್ ಹತ್ತಬೇಕಾದದ್ದು ಎಂಟಕ್ಕೆ. ಎಂಟೂವರೆಗೆ ಬಂದ ಪತ್ರಿಕೆಯನ್ನು ನಮ್ಮಲ್ಲಿ ಯಾರೂ ಓದುವುದಿಲ್ಲ, ಬೋಂಡ ಕಟ್ಟುತ್ತಾರೆ.

ಇದೇ ಕೆಲಸವನ್ನು ರಾಮೇಶ್ವರದಲ್ಲಿ ಬಾಲಕ ಅಬ್ದುಲ್ ಕಲಾಂ ಮಾಡಿದ್ದರೆಂಬುದು ಗೊತ್ತಿಲ್ಲದ ಪೋಷಕರು ಕರ್ನಾಟಕದಲ್ಲಿ ಇಲ್ಲ. ಎಸ್ಸೆಸ್ಸೆಲ್ಸಿ ಬೀಳ್ಕೊಡುಗೆಯ ಯಾವ ಭಾಷಣವೂ ಆ ಪತ್ರಿಕೆಯ ಕಟ್ಟನ್ನು ಮುಟ್ಟದೆ ಮುಂದೆ ಸಾಗುವುದಿಲ್ಲ. ಅಂಥ ಭಾಷಣಕ್ಕೆ ಚಪ್ಪಾಳೆ ತಟ್ಟಿ ಮನೆಗೆ ಬಂದ ಅಪ್ಪನ ಬಳಿ ಮಗ, “ಅಪ್ಪಾ, ನಾನೂ ಬೆಳಿಗ್ಗೆ ಪೇಪರ್ ಹಾಕಲೇ?” ಎಂದು ಕೇಳಿ ನೋಡಲಿ.

“ಯಾಕೋ, ನಿನಗೇನು ಕಡಿಮೆ ಮಾಡಿದ್ದೇನೆ? ಬೀದಿಯವರು ನಮ್ಮನ್ನು ಏನೆಂದುಕೊಂಡಾರು?”

“ಕಲಾಂ ಹಾಕುತ್ತಿದ್ದರಲ್ಲ ಅಪ್ಪಾ?”

“ಅವರು ರಾಷ್ಟ್ರಪತಿಯಾದರು ಕಣೋ. ನೀನು ಮೊದಲು ಆಗು, ಆಮೇಲೆ ಹಾಕುವೆಯಂತೆ.”

ಬೆಳಿಗ್ಗೆ ಎಂಟರ ಮೊದಲು, ಸಂಜೆ ಏಳರ ನಂತರ ದುಡಿದರೆ ಹದಿನಾರರ ದೇಹ ಬಳಲುತ್ತದೆ ಎಂದು ನಂಬುವ ಸಮಾಜವೇ ಅದೇ ದೇಹವನ್ನು ನೀಟ್, ಜೆಇಇ ಹೆಸರಿನಲ್ಲಿ ಪಿಯು ಹಾಸ್ಟೆಲಿಗೆ ಸೇರಿಸಿ, ಐದಕ್ಕೆ ಗಂಟೆ ಬಾರಿಸಿ ಎಬ್ಬಿಸಿ, ರಾತ್ರಿ ಹನ್ನೊಂದಕ್ಕೆ ದೀಪ ಆರಿಸುತ್ತದೆ. ಕೋಚಿಂಗ್ ತರಗತಿ ದಿನಕ್ಕೆ ಐದು ಗಂಟೆ ಮೀರಬಾರದು, 16 ತುಂಬದವರನ್ನು ಸೇರಿಸಿಕೊಳ್ಳಬಾರದು ಎಂದು 2024ರ ಜನವರಿಯಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯ ಮಾರ್ಗಸೂಚಿ ಹೊರಡಿಸಿತು. ಕಾಗದದ ಮೇಲೆ ಈಗ ಟಿವಿಯಲ್ಲಿ ಕುಣಿಯುವ ಮಗುವಿಗೂ ಕೋಚಿಂಗ್‌ಗೆ ಹೋಗುವ ಹುಡುಗನಿಗೂ ಐದೇ ಗಂಟೆ. ಕುಣಿಯುವ ಮಗುವಿಗಾದರೂ ಶೇ 20 ದಕ್ಕುತ್ತದೆ.

ದುಡಿಯುವುದು ಬೇಡ, ಆದರೆ ದುಡಿಯುವುದನ್ನು ಕಲಿಯಬೇಕು ಎಂಬ ಹಂಬಲದಿಂದ ಹುಟ್ಟಿದ್ದು ‘ಕಿರಿಯ ಉದ್ಯಮಿ’ಗಳ ಬೇಸಿಗೆ ಶಿಬಿರ. ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಕ್ಲಬ್ ಹೌಸುಗಳಲ್ಲಿ ಏಪ್ರಿಲ್ ಬಂತೆಂದರೆ ಇವು ಮೊಳೆಯುತ್ತವೆ. ಶುಲ್ಕ ಸಾವಿರಗಳಲ್ಲಿ. ಕಲಿಸುವುದು ಹಣ ಗಳಿಸುವುದನ್ನು. ಮೊದಲ ದಿನವೇ ಯಾರು ಗಳಿಸಿದರು ಎಂಬುದನ್ನು ಮಕ್ಕಳು ಕಣ್ಣಾರೆ ಕಾಣುವುದರಿಂದ ಇದಕ್ಕಿಂತ ಪ್ರಾಮಾಣಿಕ ಪಾಠ ಇರಲಾರದು. ಹದಿಮೂರರ ಬಾಲಕಿ ಪರಿಮಳದ ಮೇಣದಬತ್ತಿ ಮಾಡಿ ಕಂಪನಿಗೆ ‘ಸಿಇಒ’ ಆಗುತ್ತಾಳೆ. ಅವಳ ತಮ್ಮ ಮಾರುಕಟ್ಟೆ ವಿಭಾಗದ ಮುಖ್ಯಸ್ಥ, ಅಮ್ಮ ಹೂಡಿಕೆದಾರರು, ಅಪ್ಪ ಸಾಗಣೆ ವಿಭಾಗ. ಕೊನೆಯ ದಿನದ ಮೇಳದಲ್ಲಿ ಎದುರು ಮನೆಯ ಆಂಟಿ ಎರಡು ಮೇಣದಬತ್ತಿ ಕೊಳ್ಳುತ್ತಾರೆ, ಏಕೆಂದರೆ ಅವರ ಮಗ ಮಾಡಿದ ಸಾಬೂನನ್ನು ಇವರು ಕೊಳ್ಳಲೇಬೇಕು. ಹೀಗೆ ಒಂದೇ ಐನೂರರ ನೋಟು ಇಡೀ ಮೇಳವನ್ನು ಸುತ್ತಿ ಹೊರಟಲ್ಲಿಗೇ ಬರುತ್ತದೆ, ಎಲ್ಲರಿಗೂ ಲಾಭವಾಗಿರುತ್ತದೆ.

ಅದೇ ಕಟ್ಟಡದ ನೆಲಮಾಳಿಗೆಯಲ್ಲಿ ಕಾವಲುಗಾರರ ಮಗನೊಬ್ಬ ಶಾಲೆಗೆ ಹೋಗುವ ಮುನ್ನ ಕಾರು ತೊಳೆಯುತ್ತಾನೆ. ಖಾಯಂ ಗಿರಾಕಿಗಳು, ತಿಂಗಳ ಕರಾರು, ಬಂಡವಾಳ ಒಂದು ಬಕೆಟ್ಟು ಮತ್ತು ಹಳೆಯ ಬನಿಯನ್. ಯಾರ ಕಾರು ಎಷ್ಟಕ್ಕೆ ಹೊರಡುತ್ತದೆ, ಯಾರು ಎರಡು ತಿಂಗಳ ಬಾಕಿ ಇಟ್ಟುಕೊಂಡಿದ್ದಾರೆ, ಯಾರು ಬಾಕಿ ಕೇಳಿದರೆ ಗೀರು ತೋರಿಸುತ್ತಾರೆ ಎಂಬುದೆಲ್ಲ ಅವನ ನಾಲಿಗೆಯ ತುದಿಯಲ್ಲಿದೆ. ಶಿಬಿರದಲ್ಲಿ ಪಾಠ ಹೇಳಬೇಕಾದವನು ಇವನು. ಆದರೆ ಕ್ಲಬ್ ಹೌಸಿಗೆ ಹೋಗುವ ಲಿಫ್ಟನ್ನು ಇವನು ಬಳಸುವಂತಿಲ್ಲ ಎಂದು ಸಂಘದ ನಿಯಮಾವಳಿಯಲ್ಲಿದೆ.

ಮಿಕ್ಕ ಇಲಾಖೆಗಳೂ ಹುಡುಗರನ್ನು ಮರೆತಿಲ್ಲ. ಹತ್ತು ತುಂಬಿದವರು ತಾವೇ ಉಳಿತಾಯ ಖಾತೆ ತೆರೆದು ನಡೆಸಬಹುದೆಂದು ರಿಸರ್ವ್ ಬ್ಯಾಂಕ್ 2025ರಲ್ಲಿಯೂ ಹೇಳಿತು. ಖಾತೆಗೆ ಹಾಕಲು ಹಣ ಎಲ್ಲಿಂದ ಎಂಬುದು ಬ್ಯಾಂಕಿನ ಕೆಲಸವಲ್ಲ. ಹದಿನಾಲ್ಕಕ್ಕೆ ಕೆಲಸಕ್ಕೆ ಸೇರಬಹುದು, ಆದರೆ 1872ರ ಕರಾರು ಕಾಯಿದೆಯಂತೆ ಹದಿನೆಂಟರವರೆಗೆ ಕರಾರಿಗೆ ಸಹಿ ಹಾಕುವಂತಿಲ್ಲ. ಹಾಕಿದರೆ ಅದು ಹುಟ್ಟಿದಾಗಲೇ ಸತ್ತಂತೆ ಎಂದು 1903ರಲ್ಲಿ, ಆಗ ನಮಗೂ ಕೊನೆಯ ಮೇಲ್ಮನವಿ ನ್ಯಾಯಾಲಯವಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ತೀರ್ಪಿತ್ತಿದೆ. ನಡುವಿನ ನಾಲ್ಕು ವರ್ಷ ಬಾಯಿಮಾತಿನಲ್ಲಿ ಕಳೆಯಬೇಕು. ಊಟ ತಲುಪಿಸುವ ಕೆಲಸಕ್ಕೆಂದು ಅಪ್ಪನ ಬೈಕು ಹತ್ತಿದರೆ ಅಪ್ಪನಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಮಗ ಅದನ್ನು ದುಡಿದು ತೀರಿಸುವಷ್ಟರಲ್ಲಿ ಹದಿನೆಂಟು ಆಗಿಯೇ ಆಗಿರುತ್ತದೆ.

ಇಷ್ಟೆಲ್ಲದರ ನಡುವೆಯೂ ಹುಡುಗರು ಹೇಗೋ ದುಡಿಯುತ್ತಾರೆ. ಕಲ್ಯಾಣ ಮಂಟಪಗಳಿಗೆ ಹೋಗಿ ನೋಡಿ. ಒಂದೇ ಬಣ್ಣದ ಅಂಗಿ ತೊಟ್ಟು, ಅನ್ನದ ಬುಟ್ಟಿ, ಸಾರಿನ ಬಕೆಟ್ಟು ಹಿಡಿದು ಪಂಕ್ತಿಯ ನಡುವೆ ಓಡುವ ಕ್ಯಾಟರಿಂಗ್ ಹುಡುಗರಲ್ಲಿ ಅನೇಕರು ಪಿಯು ವಿದ್ಯಾರ್ಥಿಗಳು. ಒಂದು ಮದುವೆಗೆ ಇಷ್ಟು ಎಂದು ಕೈಗೆ ಸಿಗುತ್ತದೆ, ಊಟ ಬೇರೆ. ಆರತಕ್ಷತೆ ಏಳಕ್ಕೆ ಎಂದು ಆಮಂತ್ರಣದಲ್ಲಿ ಅಚ್ಚಾಗಿರುತ್ತದೆ. ಕಾಯಿದೆಯಂತೆ ಇವರು ಬಕೆಟ್ ಕೆಳಗಿಟ್ಟು ಮನೆಗೆ ಹೋಗಬೇಕಾದದ್ದೂ ಏಳಕ್ಕೇ. ಪಂಕ್ತಿಯಲ್ಲಿ ಕಾರ್ಮಿಕ ಇಲಾಖೆಯವರು, ಮಕ್ಕಳ ಹಕ್ಕುಗಳ ಬಗ್ಗೆ ಮಾತನಾಡುವವರು, ನನ್ನಂತೆ ಅಂಕಣ ಬರೆಯುವವರು ಎಲ್ಲರೂ ಇರುತ್ತಾರೆ. ಒಂಬತ್ತೂವರೆಯಾದರೂ ಯಾರೂ ಗಡಿಯಾರ ನೋಡುವುದಿಲ್ಲ. “ತಮ್ಮಾ, ಇಲ್ಲೊಂದು ಹೋಳಿಗೆ ಹಾಕು. ತುಪ್ಪ ಬರಲಿ. ಏನು ಓದುತ್ತಿದ್ದೀಯಪ್ಪಾ? ಚೆನ್ನಾಗಿ ಓದಬೇಕು, ತಿಳಿಯಿತೇ?”

ಕೊನೆಗೂ ಒಂದು ಬೆಳಿಗ್ಗೆ ಹದಿನೆಂಟು ತುಂಬುತ್ತದೆ. ಈಗ ಎಲ್ಲ ಬಾಗಿಲೂ ತೆರೆದಿವೆ. ನಗರದ ದೊಡ್ಡ ಹೋಟೆಲಿನಲ್ಲಿ ಕೆಲಸ ಖಾಲಿ ಇದೆ: ವಯಸ್ಸು ಹದಿನೆಂಟು ಆಗಿರಬೇಕು, ಎರಡು ವರ್ಷದ ಅನುಭವ ಇರಬೇಕು. ಕಿರಿಯ ಉದ್ಯಮಿ ಶಿಬಿರದ ಹುಡುಗ ಲ್ಯಾಮಿನೇಟ್ ಮಾಡಿಸಿದ ಪ್ರಮಾಣಪತ್ರ ಮುಂದಿಟ್ಟ. ‘ನಾಯಕತ್ವ ಗುಣ’ ಎಂದು ಅದರಲ್ಲಿ ಬಂಗಾರದ ಅಕ್ಷರದಲ್ಲಿದೆ. ಹನ್ನೆರಡರಿಂದ ಹದಿನೆಂಟರವರೆಗೆ ಹೆದ್ದಾರಿಯ ಹೋಟೆಲಿನಲ್ಲಿ ಟೇಬಲ್ ಒರೆಸುವುದರಿಂದ ದೋಸೆ ಹುಯ್ಯುವವರೆಗೆ ಎಲ್ಲ ಮಾಡಿದವನು ಅನುಭವ ಪತ್ರಕ್ಕಾಗಿ ತನ್ನ ಮಾಲೀಕರ ಬಳಿ ಬಂದ.

“ಅನುಭವ ಪತ್ರವೇ?” ಮಾಲೀಕರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. “ಆರು ವರ್ಷ ನನ್ನಲ್ಲಿ ದುಡಿದಿದ್ದಾನೆ ಎಂದು ನಾನು ಸಹಿ ಹಾಕಿದರೆ ನಿನಗೆ ಕೆಲಸ ಸಿಗುತ್ತದೆಯೋ ಇಲ್ಲವೋ, ನನಗೆ ಜೈಲಂತೂ ಖಂಡಿತ. ಬೇಕಾದರೆ ನಮ್ಮಕ್ಕನ ಮಗ ಎಂದು ಬರೆದುಕೊಡುತ್ತೇನೆ ಕಣಪ್ಪಾ.”