ಹೊಳಪಿಗಿಂತ ತೂಕ ಮುಖ್ಯ

ಹಾರುವ ಮಾದರಿ ವಿಮಾನಕ್ಕೆ ಬಣ್ಣ ಬಳಿಯುವ ಕುರಿತ ನಿಮ್ಮ ಲೇಖನ ಓದಿದೆ. ಮೇಲ್ಮೈ ನುಣುಪಾಗುವವರೆಗೆ ಪ್ರೈಮರ್ (ಬಣ್ಣಕ್ಕೆ ಮೊದಲು ಹಚ್ಚುವ ತಳಲೇಪ) ಬಳಿಯುತ್ತಲೇ ಹೋಗಬೇಕೆಂಬ ಲೇಖಕರ ಸಲಹೆಯನ್ನು ನಾನು ಖಂಡಿತ ಒಪ್ಪುವುದಿಲ್ಲ. ಅವರು ಉದಾಹರಣೆಗೆ ತೆಗೆದುಕೊಂಡಿರುವ, ಎರಡನೇ ಮಹಾಯುದ್ಧದ ಜಪಾನಿ ಯುದ್ಧವಿಮಾನ ಮಿತ್ಸುಬಿಷಿ ಜೀರೋದ ಮೂತಿ ಗಿಡ್ಡ, ಬಾಲ ಉದ್ದ. ಗುರುತ್ವ ಕೇಂದ್ರದಿಂದ (ವಿಮಾನ ಸಮತೋಲದಲ್ಲಿ ನಿಲ್ಲುವ ಬಿಂದು) ಬಾಲವು ಮೂತಿಗಿಂತ ಮೂರು ಪಟ್ಟು ದೂರವಿದ್ದರೆ ಅಲ್ಲಿ ಹೆಚ್ಚಾದ 10 ಗ್ರಾಂ ಬಣ್ಣಕ್ಕೆ ಮೂತಿಯಲ್ಲಿ 30 ಗ್ರಾಂ ಸೀಸ ಸೇರಿಸಬೇಕಾಗುತ್ತದೆ. ಬಾಲ್ಸಾ ಎಂಬ ಹಗುರ ಮರದ ಮೇಲೆ ಚದರ ಮೀಟರಿಗೆ 25 ಗ್ರಾಂ ತೂಗುವ ಗಾಜಿನ ಬಟ್ಟೆ ಹಾಸಿ, ಅದನ್ನು ಅಂಟಿಸುವ ಎಪಾಕ್ಸಿ ರಾಳದಲ್ಲಿ ಹೆಚ್ಚಾದದ್ದನ್ನು ಹಳೆಯ ಪ್ಲಾಸ್ಟಿಕ್ ಕಾರ್ಡಿನಿಂದ ಎಳೆದು ತೆಗೆಯಿರಿ. ಪ್ರೈಮರ್ ಇರುವುದು ನೇಯ್ಗೆಯ ಸಂದುಗಳನ್ನು ತುಂಬಲು ಮಾತ್ರ. ಅದರ ಬಹುಪಾಲು ಉಜ್ಜಿದಾಗ ಹೋಗಬೇಕು.

ಇನ್ನೊಂದು ಮಾತು. ಮೂಲ ಜೀರೋದ ಏಲೆರಾನ್, ಎಲಿವೇಟರ್, ರಡ್ಡರ್‌ಗಳಿಗೆ (ರೆಕ್ಕೆ, ಬಾಲಗಳ ಹಿಂದಂಚಿನಲ್ಲಿ ಆಡುತ್ತಾ ವಿಮಾನವನ್ನು ನಿಯಂತ್ರಿಸುವ ಭಾಗಗಳಿಗೆ) ಬಟ್ಟೆಯ ಹೊದಿಕೆಯಿತ್ತು. ಮಾದರಿಯಲ್ಲೂ ಅವಕ್ಕೆ ಬಟ್ಟೆಯನ್ನೇ ಹೊದಿಸಿದರೆ ಒಳಗಿನ ಪಕ್ಕೆಲುಬುಗಳ ಗುರುತು ಎಷ್ಟು ಸೊಗಸಾಗಿ ಕಾಣುತ್ತದೆ! ತೂಕವೂ ಉಳಿಯುತ್ತದೆ. ಈ ಭಾಗಗಳ ಹಿಂಜ್‌ನ (ಕೀಲಿನ) ಹಿಂದೆ ಭಾರ ಹೆಚ್ಚಿದಷ್ಟೂ ಅವು ವೇಗದಲ್ಲಿ ಅದುರಿ ಕಿತ್ತುಹೋಗುವ ಅಪಾಯ ಹೆಚ್ಚು. ಲೇಖನ ಇದನ್ನು ಪ್ರಸ್ತಾಪಿಸಬೇಕಿತ್ತು.

ಬಣ್ಣದ ಬಗ್ಗೆ: 1/5 ಅಳತೆಯ ಮಾದರಿಯನ್ನು 10 ಮೀಟರ್ ದೂರದಿಂದ ನೋಡುವುದು ಮೂಲ ವಿಮಾನವನ್ನು 50 ಮೀಟರ್ ದೂರದಿಂದ ನೋಡಿದ ಹಾಗೆ. ದೂರದಿಂದ ಬಣ್ಣ ಮಾಸಿದಂತೆ ಕಾಣುವುದರಿಂದ ಸ್ವಲ್ಪ ಬಿಳಿ ಬೆರೆಸಿ, ಹೊಳಪನ್ನು ತಗ್ಗಿಸಿ. ಮೆಥನಾಲ್ ಇಂಧನದ ಎಂಜಿನ್ ಇದ್ದರೆ ಆ ಇಂಧನವನ್ನು ತಡೆಯುವ ಪಾರದರ್ಶಕ ಲೇಪನ ಕಡ್ಡಾಯ. ಲೇಖಕರು ಯಾವ ಲೇಪನವನ್ನು ಬಳಸಿದರೆಂದು ದಯವಿಟ್ಟು ತಿಳಿಸಲಿ.